ಹಗ್ಗ ಹಿಡಿದವನು ಮಾತಾಡುವುದಿಲ್ಲ

೬ ಫೆಬ್ರವರಿ

ನನ್ನ ಮೆಣಸಿನಕಾಯಿಗೆ ಚಿಕ್ಕಪ್ಪನ ಆಶೀರ್ವಾದ.

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಪತ್ರ ಶುರು ಮಾಡಬೇಕೆಂದು ನಮ್ಮೂರ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ನೀನು ಕ್ಷೇಮವಾಗಿಲ್ಲ ಎಂದು ಗೊತ್ತಿದ್ದೂ ಹಾಗೆ ಕೇಳಿದರೆ ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಸೋಡಾ ಕಾರ್ಖಾನೆಯ ನಿಮ್ಮ ಮೇಸ್ತ್ರಿ ಬರೆದ ಕಾಗದ ನಿನ್ನೆ ಬಂತು. ಬಾಟಲಿ ಒಡೆದದ್ದು, ಗಾಜಿನ ಚೂರು ಎರಡೂ ಕಣ್ಣಿಗೆ ಹೊಕ್ಕದ್ದು, ನಿನ್ನನ್ನು ಕಣ್ಣಾಸ್ಪತ್ರೆಗೆ ಸೇರಿಸಿದ್ದು ಎಲ್ಲ ತಿಳಿಯಿತು. ಚಿಕ್ಕಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಅಳಲಿಲ್ಲ. ನಾನು ಅಳುವ ಜಾತಿಯಲ್ಲ, ನಿನಗೇ ಗೊತ್ತು.

ಈಗಲೇ ಓಡಿ ಬರಬೇಕಿತ್ತು. ಏನು ಮಾಡಲಿ, ಶಾಲೆಯವರಿಗೆ ತೋಡುತ್ತಿರುವ ಬಾವಿಯಲ್ಲಿ ಬಂಡೆ ಸಿಕ್ಕಿಬಿಟ್ಟಿದೆ. ನಾನಿಲ್ಲದಿದ್ದರೆ ಅದನ್ನು ಮುಟ್ಟುವ ಗಂಡಸು ಈ ಸುತ್ತಿನಲ್ಲೇ ಇಲ್ಲ. "ನೀವು ಕೈಬಿಟ್ಟರೆ ಮಕ್ಕಳು ಬಾಯಾರಿ ಸಾಯ್ತವೆ" ಅಂತ ಮುಖ್ಯೋಪಾಧ್ಯಾಯರು ಕೈ ಹಿಡಿದುಕೊಂಡರು. ಬಂಡೆ ಒಡೆದ ಮರುದಿನವೇ ಹೊರಡುತ್ತೇನೆ.

ಇದನ್ನು ಓದಿ ಹೇಳುತ್ತಿರುವ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಮುಂದಿನದನ್ನು ಸ್ವಲ್ಪ ಗಟ್ಟಿಯಾಗಿ ಓದಿ, ಹುಡುಗಿ ಚಿಕ್ಕಂದಿನಿಂದಲೂ ನನ್ನ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ಮಗಳೇ, ನೀನು ಬಾವಿ ತೋಡುವವರ ಮನೆಯಲ್ಲಿ ಹುಟ್ಟಿದವಳು. ನಿನ್ನ ಅಪ್ಪ, ಅಂದರೆ ನನ್ನ ಅಣ್ಣ, ಮೇಲೆ ಹಗ್ಗ ಹಿಡಿದು ಕೂರುತ್ತಿದ್ದ. ನಾನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೆಳಗೆ ಅಗೆಯುತ್ತಿದ್ದೆ. ಹಗ್ಗ ಹಿಡಿದವನು ಮಾತಾಡಬಾರದು, ಇದು ನಮ್ಮ ಕಸುಬಿನ ನಿಯಮ. ಬಾವಿಯೊಳಗೆ ಮಾತು ಗೋಡೆಗೆ ಬಡಿದು ಬಡಿದು ಬರೀ ಸದ್ದಾಗಿಬಿಡುತ್ತದೆ. ಆದ್ದರಿಂದ ಮೇಲಿನವನು ಕೂಗಿದರೆ ಅದಕ್ಕೆ ಒಂದೇ ಅರ್ಥ, ಮಣ್ಣು ಜಾರುತ್ತಿದೆ, ಎದ್ದು ಬಾ. ಸುಮ್ಮನಿದ್ದಾನೆಂದರೆ ಎಲ್ಲ ಸರಿಯಿದೆ, ಹಗ್ಗ ಭದ್ರವಾಗಿದೆ, ನೀನು ನಿನ್ನ ಕೆಲಸ ನೋಡು ಅಂತ.

ದೇವರದೂ ಅದೇ ಲೆಕ್ಕ. ಸುಮ್ಮನಿದ್ದಾನಲ್ಲ ಎಂದು ಹೆದರಬೇಡ. ಸುಮ್ಮನಿರುವುದೇ ಒಳ್ಳೆಯ ಸೂಚನೆ. ಇದನ್ನು ದೊಡ್ಡ ದೊಡ್ಡ ಪಂಡಿತರು ಹೇಳಿದ್ದಾರೋ ಇಲ್ಲವೋ, ನಾನಂತೂ ಹೇಳಿದ್ದೇನೆ.

ನಿನ್ನ
ಚಿಕ್ಕಪ್ಪ


೧೫ ಫೆಬ್ರವರಿ

ಚಿಕ್ಕಪ್ಪನಿಗೆ ನಮಸ್ಕಾರ.

ನಿನ್ನ ಪತ್ರ ಬಂತು. ವಾರ್ಡಿನ ಆಯಾ ಓದಿ ಹೇಳಿದರು, ಇದನ್ನು ಬರೆದುಕೊಡುತ್ತಿರುವವರೂ ಅವರೇ. ಬಲಗಣ್ಣಿಗೆ ಆಪರೇಷನ್ ಆಯಿತು. ಡಾಕ್ಟರಿಗೆ ಸಂತೋಷವಾಗಿದೆ. ಎಡಗಣ್ಣನ್ನು ಆಮೇಲೆ ನೋಡುತ್ತಾರಂತೆ. ನೋವೇನೂ ಇಲ್ಲ. ಹಾಸಿಗೆ ಕಿಟಕಿಯ ಪಕ್ಕದಲ್ಲಿದೆ, ಗಾಳಿ ಚೆನ್ನಾಗಿ ಬರುತ್ತದೆ.

ಬಂಡೆ ಒಡೆಯುವಾಗ ಹುಷಾರು. ಬಾವಿ ಮುಗಿಸಿಯೇ ಬಾ. ನನಗೇನೂ ಅವಸರವಿಲ್ಲ. ಮಕ್ಕಳು ಬಾಯಾರಬಾರದು.

ಚಿಕ್ಕಮ್ಮನಿಗೆ ಅಳಬೇಡ ಎಂದು ಹೇಳು.

ಇಂತಿ,
ನಿನ್ನ ಮಗಳು

(ಯಜಮಾನರೇ, ಆಯಾ ಬರೆಯುತ್ತಿದ್ದೇನೆ. ಗಟ್ಟಿಯಾಗಿ ಓದಿ ಅಂದಿರಿ, ಓದಿದೆ. ಇಡೀ ವಾರ್ಡು ಎದ್ದು ಕೂತಿತು. ಪಕ್ಕದ ಹಾಸಿಗೆಯ ಅಜ್ಜಿ, "ಈ ಮಹಾರಾಯ ಯಾರಮ್ಮ, ಇಷ್ಟು ಹೊಗಳಿಕೊಳ್ತಾನೆ" ಅಂತ ಕೇಳಿದರು. ಮುಂದಿನ ಪತ್ರದಲ್ಲಿ ಅಕ್ಷರ ಸ್ವಲ್ಪ ದುಂಡಗೆ ಬರೆಯಿರಿ.)


೨೪ ಫೆಬ್ರವರಿ

ಮೆಣಸಿನಕಾಯಿಗೆ,

ನೋಡಿದೆಯಾ! ನಾನು ಹೇಳಲಿಲ್ಲವೇ! ನಿನ್ನ ಪತ್ರವನ್ನು ಓಣಿಗೆಲ್ಲ ಓದಿ ಹೇಳಿದೆ. "ಡಾಕ್ಟರಿಗೆ ಸಂತೋಷವಾಗಿದೆ" ಎಂಬ ಸಾಲನ್ನು ಕ್ಷೌರದವನಿಗೆ ಎರಡು ಸಲ ಓದಿದೆ, ಅವನು ಯಾವುದನ್ನೂ ಮೊದಲ ಸಲಕ್ಕೆ ನಂಬುವುದಿಲ್ಲ. ನಮ್ಮ ಮನೆತನದ ಕಣ್ಣು ಅಂಥಿಂಥದ್ದಲ್ಲ. ಬಾವಿಯ ತಳದಿಂದ ಹಾಡುಹಗಲೇ ನಕ್ಷತ್ರ ನೋಡಿದ ಕಣ್ಣು ನನ್ನದು.

ಆಯಾ ಅವರಿಗೆ: ತಾಯೀ, ನನ್ನ ಅಕ್ಷರ ದುಂಡಗಿಲ್ಲ ಎಂದವರು ನೀವೇ ಮೊದಲಿಗರು. ನಾನು ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟ ದಿನ ನಮ್ಮ ಮೇಷ್ಟ್ರ ಕಣ್ಣಲ್ಲಿ ನೀರು ಬಂದಿತ್ತು. ಅದು ಸಂತೋಷದ ಕಣ್ಣೀರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಆಗ ಇನ್ನೂ ಬೇರೆ ಊರಿನಲ್ಲಿದ್ದಳು, ಅವಳಿಗೇನು ಗೊತ್ತು? ಪಕ್ಕದ ಹಾಸಿಗೆಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ ಅಷ್ಟೆ.

ಬಂಡೆ ಮೊಂಡ. ಆದರೆ ನನಗಿಂತ ಮೊಂಡ ಅಲ್ಲ.

ನಿನ್ನ
ಚಿಕ್ಕಪ್ಪ


೧೮ ಮಾರ್ಚ್

ಮೆಣಸಿನಕಾಯಿಗೆ,

ನಿನ್ನಿಂದ ಪತ್ರವಿಲ್ಲ. ಚಿಕ್ಕಮ್ಮ ದಿನಾ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ, ಅಂಚೆಯವನು ಇವಳನ್ನು ಕಂಡರೆ ಸೈಕಲ್ಲು ತಿರುಗಿಸಿಕೊಂಡು ಆ ಕಡೆಯ ಓಣಿಗೆ ಹೋಗಿಬಿಡುತ್ತಾನೆ. "ಏನೋ ಆಗಿದೆ ಕಣ್ರೀ" ಅಂತ ಒಂದೇ ಸಮನೆ ಹೇಳುತ್ತಾಳೆ. ನಾನು ನಕ್ಕೆ. "ಲೇ, ಅವಳು ಯಾರ ಮಗಳು? ಹಗ್ಗ ಹಿಡಿಯೋನ ಮಗಳು. ಸುಮ್ಮನಿದಾಳೆ ಅಂದ್ರೆ ಎಲ್ಲ ಸರಿಯಿದೆ ಅಂತ. ಏನಾದ್ರೂ ಆಗಿದ್ರೆ ಕೂಗ್ತಿರಲಿಲ್ವಾ?" ಅಂದೆ.

ಹೊಲಿಗೆಯವಳು, ಅಂಗಡಿಯವನು, ಪಾಠ ಹೇಳುವವನು, ಇವರೆಲ್ಲ ಪತ್ರ ಬರಲಿಲ್ಲವೆಂದರೆ ಗಾಬರಿಯಾಗುತ್ತಾರೆ. ನಮಗೆ ಹಾಗಿಲ್ಲ. ನಿನ್ನ ಮೌನವನ್ನು ನಾನು ಪತ್ರದ ಹಾಗೆ ಓದಿದೆ. ಎಡಗಣ್ಣಿನದೂ ಮುಗಿದಿರಬೇಕು, ಎದ್ದು ಓಡಾಡುತ್ತಿರಬೇಕು, ಆಯಾ ಜೊತೆ ಜಗಳವಾಡುತ್ತಿರಬೇಕು. ಸರಿ ತಾನೇ?

ದೇವರು ದೊಡ್ಡವನು. ಅವನೂ ಸುಮ್ಮನಿದ್ದಾನೆ, ನೀನೂ ಸುಮ್ಮನಿದ್ದೀಯ, ನನಗೆ ಎರಡು ಪಟ್ಟು ನೆಮ್ಮದಿ.

ನಿನ್ನ
ಚಿಕ್ಕಪ್ಪ


೨೫ ಮಾರ್ಚ್

ಯಜಮಾನರಿಗೆ ನಮಸ್ಕಾರ.

ಇದನ್ನು ಹುಡುಗಿಗೆ ತಿಳಿಸದೆ, ನಾನೇ ಬರೆಯುತ್ತಿದ್ದೇನೆ. ಹೋದ ಎರಡು ಪತ್ರಗಳನ್ನು ಅವಳು ಓದಿಸಿಕೊಳ್ಳಲಿಲ್ಲ. "ಇಡಿ ಆಯಾ, ಆಮೇಲೆ" ಅಂದಳು. ದಿಂಬಿನ ಕೆಳಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ನಿನ್ನೆ ಹಾಸಿಗೆ ಬಟ್ಟೆ ಬದಲಿಸುವಾಗ ಅವನ್ನು ಒಡೆದು ಓದಿದೆ, ತಪ್ಪಾದರೆ ಬೈಯಿರಿ. ಓದಿ ನನಗೆ ತಡೆಯಲಾಗಲಿಲ್ಲ.

ಯಜಮಾನರೇ, ಎಲ್ಲ ಸರಿಯಿಲ್ಲ. ಬಲಗಣ್ಣಿನ ಆಪರೇಷನ್ ಫಲಿಸಲಿಲ್ಲ. ನಿಮಗೆ ಮೊದಲ ಪತ್ರ ಬರೆಸಿದಾಗಲೇ ಅವಳಿಗೆ ಅದು ಗೊತ್ತಿತ್ತು. ಡಾಕ್ಟರಿಗೆ ಸಂತೋಷವಾಗಿದೆ ಎಂದು ಬರೆಯಿರಿ ಅಂದಳು, ನಾನು ಬರೆದೆ. ಎಡಗಣ್ಣಿನಲ್ಲಿ ಚಿಟಿಕೆಯಷ್ಟು ಬೆಳಕು ಉಳಿದಿದೆ. ಕಿಟಕಿ ಯಾವ ಕಡೆ, ಗೋಡೆ ಯಾವ ಕಡೆ, ಅಷ್ಟು ಗೊತ್ತಾಗುತ್ತದೆ. ಆ ಕಣ್ಣಿಗೆ ಮೇ ತಿಂಗಳೊಳಗೆ ಆಪರೇಷನ್ ಆಗಲೇಬೇಕು, ತಡವಾದರೆ ಒಳಗಿನ ಪರದೆ ಕಳಚಿಕೊಳ್ಳುತ್ತದೆ, ಆಮೇಲೆ ಏನೂ ಮಾಡಲಾಗದು ಎನ್ನುತ್ತಾರೆ ಡಾಕ್ಟರು. ಆದರೆ ಆಪರೇಷನ್ ಕೆಟ್ಟರೆ ಆ ಚಿಟಿಕೆ ಬೆಳಕೂ ಹೋಗುತ್ತದೆ ಅಂತಲೂ ಅವರೇ ಹೇಳಿದ್ದಾರೆ.

ಅವಳು ಒಪ್ಪುತ್ತಿಲ್ಲ. "ಇರೋ ಇಷ್ಟನ್ನೂ ಕಿತ್ತುಕೊಳ್ಳೋಕೆ ಬಿಡಲ್ಲ" ಅನ್ನುತ್ತಾಳೆ. ಊಟದ ತಟ್ಟೆ ಮುಂದಿಟ್ಟರೆ ಮುಟ್ಟುವುದಿಲ್ಲ. ನಿಮ್ಮವರನ್ನು ಕರೆಸೋಣವೇ ಎಂದು ಕೇಳಿದೆ. "ಅವರಿಗೆ ಬಾವಿ ದೊಡ್ಡದು" ಅಂದಳು, ಅಷ್ಟೆ.

ನಿಮ್ಮ ಕಸುಬಿನ ನಿಯಮ ನನಗೆ ತಿಳಿಯದು. ನಮ್ಮ ವಾರ್ಡಿನಲ್ಲಿ ಯಾರಾದರೂ ಸದ್ದಿಲ್ಲದೆ ಮಲಗಿದರೆ ನಾವು ಓಡಿ ಹೋಗಿ ನೋಡುತ್ತೇವೆ.

ಆಯಾ


೩೦ ಮಾರ್ಚ್

ಮಗಳೇ,

ಆಯಾ ಬರೆದರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಆಪರೇಷನ್ ಮಾಡಿಸಿಕೋ. ಇದು ನನ್ನ ಆಜ್ಞೆ ಎಂದು ತಿಳಿ. ನಾನು ನಿನ್ನನ್ನು ಸಾಕಿದವನು, ನಿನ್ನ ಅಪ್ಪ ಅಮ್ಮ ಹೋದ ಮೇಲೆ ನಿನ್ನ ಜಡೆ ಹೆಣೆಯಲು ಕಲಿತವನು, ಅದೂ ಓಣಿಯಲ್ಲಿ ಬೇರೆ ಯಾರಿಗೂ ಬಾರದಷ್ಟು ಬಿಗಿಯಾಗಿ. ಡಾಕ್ಟರು ಓದಿದವರು, ಅವರ ಮಾತು ಕೇಳು. ದೇವರಿದ್ದಾನೆ. ಹೆದರಬೇಡ. ಧೈರ್ಯವಾಗಿರು.

ಬಾವಿ ದೊಡ್ಡದು ಎಂದೆಯಂತೆ. ಬಾವಿ ದೊಡ್ಡದಲ್ಲ. ನಾನೇ ಬಂದುಬಿಡುತ್ತಿದ್ದೆ, ಬರುವುದಕ್ಕೆ ಸ್ವಲ್ಪ ಅಡಚಣೆಯಾಗಿದೆ. ಏನೂ ದೊಡ್ಡದಲ್ಲ. ನನ್ನಂಥವನಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ.

ಚಿಕ್ಕಪ್ಪ

ಮಗಾ, ಇದು ಚಿಕ್ಕಮ್ಮ. ಲಕೋಟೆಗೆ ಅಂಟು ಹಚ್ಚಲು ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಬರೆಯಲು ಆಯಿತು. ಅಡಚಣೆ ದೊಡ್ಡದೇ. ನಿಮ್ಮ ಮೇಸ್ತ್ರಿಯ ಕಾಗದ ಬಂದ ದಿನವೇ, ಪೆಟ್ಟಿಗೆ ತೆಗೆದುಕೊಂಡು ಹೊರಡುತ್ತೇನೆಂದು ಅಟ್ಟಕ್ಕೆ ಕೈ ಹಾಕಲು ಸ್ಟೂಲು ಹತ್ತಿದರು. ಸ್ಟೂಲಿನ ಮೇಲಿಂದ ಬಿದ್ದರು. ತೊಡೆಯ ಮೂಳೆ ಮುರಿದಿದೆ, ಸೊಂಟದವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಬಾವಿಯೂ ಇಲ್ಲ, ಬಂಡೆಯೂ ಇಲ್ಲ, ಮುಖ್ಯೋಪಾಧ್ಯಾಯರೂ ಇಲ್ಲ. ಶಾಲೆಯ ಬಾವಿ ಯಾವಾಗಲೋ ಮುಗಿದು ಮಕ್ಕಳು ನೀರು ಕುಡಿಯುತ್ತಿದ್ದಾರೆ. ಜೀವಮಾನವೆಲ್ಲ ಬಾವಿಗೆ ಇಳಿದವನು ಸ್ಟೂಲಿನಿಂದ ಬಿದ್ದೆ ಎಂದು ಹೇಳಲು ನಾಚಿಕೆ. ಮಲಗಿದಲ್ಲಿಂದಲೇ ಕ್ಷೌರದವನನ್ನು ಕರೆಸಿಕೊಂಡು ನಿನ್ನ ಪತ್ರ ಓದುತ್ತಾರೆ. ಇವರನ್ನು ಎತ್ತಿ ಕೂರಿಸುವವರು ನಾನೊಬ್ಬಳೇ, ಇಲ್ಲದಿದ್ದರೆ ನಾನಾದರೂ ಬರುತ್ತಿದ್ದೆ. ಆಯಾ ಪತ್ರ ಓದಿದ ಮೇಲೆ ಇವರು ಎರಡು ದಿನ ಕ್ಷೌರದವನನ್ನೂ ಒಳಗೆ ಬಿಡಲಿಲ್ಲ. ಮದುವೆಯಾದಾಗಿನಿಂದ ಹೀಗೆ ನಾನು ಕಂಡಿಲ್ಲ.


೮ ಏಪ್ರಿಲ್

ಚಿಕ್ಕಪ್ಪನಿಗೆ,

ಚಿಕ್ಕಮ್ಮ ಬರೆದ ಭಾಗವನ್ನು ಆಯಾ ಓದಿದಾಗ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ಅಜ್ಜಿಯೂ ನಕ್ಕರು. "ಸ್ಟೂಲೇ? ಪಾಪ, ಎಷ್ಟು ಆಳ ಇತ್ತಂತೆ?" ಅಂತ ಕೇಳಿದರು. ಆಮೇಲೆ ಅತ್ತೆ. ನಾನು ಇಲ್ಲಿ ಮಲಗಿಕೊಂಡು, ಶಾಲೆಯ ಮಕ್ಕಳ ಮೇಲೆ, ಇಲ್ಲದ ಬಂಡೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ನನಗೆ ನಿಜ ಹೇಳಬಾರದಿತ್ತೇ?

ನಾನೂ ಹೇಳಲಿಲ್ಲ, ಗೊತ್ತು. ಆ ಲೆಕ್ಕ ಸರಿಹೋಯಿತು.

ಇನ್ನೊಂದು ಲೆಕ್ಕ ಉಳಿದಿದೆ, ಅದನ್ನು ಸ್ವಲ್ಪ ಕೇಳು. ಆಯಾ, ಹೀಗೇ ಬರೆಯಿರಿ, ಮೆತ್ತಗೆ ಮಾಡಬೇಡಿ.

ದಿಂಬಿನ ಕೆಳಗಿದ್ದ ಪತ್ರಗಳನ್ನೂ ಈಗ ಓದಿಸಿಕೊಂಡೆ. ಸುಮ್ಮನಿದ್ದರೆ ಎಲ್ಲ ಸರಿಯಿದೆ ಅಂದೆ ನೀನು. ನಾನು ಒಂದು ತಿಂಗಳು ಸುಮ್ಮನಿದ್ದೆ. ಎಲ್ಲ ಸರಿಯಿತ್ತೇ? ಇರಲಿಲ್ಲ. ನನಗೆ ಯಾರೂ ಬೇಡವಾಗಿತ್ತು. ನಿನ್ನನ್ನೂ ಬಿಟ್ಟುಬಿಟ್ಟಿದ್ದೆ, ಅದಕ್ಕೇ ಸುಮ್ಮನಿದ್ದೆ. ನೀನು ಅಲ್ಲಿ ಕೂತು ಅದನ್ನು ನೆಮ್ಮದಿ ಎಂದು ಓದಿದೆ. ಹಾಗಾದರೆ ದೇವರ ಮೌನವನ್ನು ನೀನು ಸರಿಯಾಗಿ ಓದಿದ್ದೀಯ ಎಂದು ಹೇಗೆ ನಂಬಲಿ? ಅವನೂ ನನ್ನ ಹಾಗೆ ಗೋಡೆಯ ಕಡೆ ತಿರುಗಿ ಮಲಗಿದ್ದರೆ?

ಬಲಗಣ್ಣಿನ ಆಪರೇಷನ್‌ಗೆ ಹೋಗುವಾಗ ನಾನು ಅವನನ್ನು ಕೇಳಿಕೊಂಡೇ ಹೋಗಿದ್ದೆ. ನೀನು ಬರೆದ ಹಾಗೆಯೇ ಧೈರ್ಯವಾಗಿದ್ದೆ. ಏನಾಯಿತು ನೋಡಿದೆಯಲ್ಲ.

ಬೆಳಗಾದರೆ ಎಡಗಣ್ಣಿಗೆ ಕಿಟಕಿ ಇರುವ ಕಡೆ ಸ್ವಲ್ಪ ಕೆಂಪಗಾಗುತ್ತದೆ. ನನಗೆ ಉಳಿದಿರುವುದು ಅದೊಂದೇ. ಅದನ್ನು ಆಪರೇಷನ್ ಮೇಜಿನ ಮೇಲೆ ಇಟ್ಟು ಬಾ ಎನ್ನುತ್ತಿದ್ದೀಯ. ಆಜ್ಞೆ ಮಾಡುವುದು ಸುಲಭ. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಜಂಬ ಮಾತ್ರ ಬೇಡ.

ನಿನ್ನ ಮಗಳು


೧೬ ಏಪ್ರಿಲ್

ಮೆಣಸಿನಕಾಯಿಗೆ,

ನಿನ್ನ ಪತ್ರ ಬಾಯಿಗೆ ಖಾರವಾಗಿ ಹತ್ತಿತು. ಸದ್ಯ, ಹುಡುಗಿ ಜೀವಂತ ಇದ್ದಾಳೆ ಎಂದುಕೊಂಡೆ.

ಜಂಬವಿಲ್ಲದೆ ಬರೆಯಬೇಕೆಂದು ನಾಲ್ಕು ಸಲ ಕೂತೆ. ಅಭ್ಯಾಸವಿಲ್ಲ, ಕೈ ಓಡುವುದಿಲ್ಲ. ಬಂದ ಹಾಗೆ ಬರೆಯುತ್ತೇನೆ.

ಮೊದಲನೆಯದು. ನಿಯಮವನ್ನು ನಾನು ಅರ್ಧ ಹೇಳಿದೆ. ಸುಮ್ಮನಿರಬೇಕಾದವನು ಮೇಲಿನವನು ಮಾತ್ರ. ಕೆಳಗಿನವನು ಸುಮ್ಮನಿರುವಂತಿಲ್ಲ. ಆಗಾಗ ಹಗ್ಗ ಜಗ್ಗುತ್ತಿರಬೇಕು, ಇದ್ದೇನೆ ಅಂತ. ಉಸಿರು ಕಟ್ಟಿದರೆ ಜಗ್ಗಬೇಕು, ಕೋಪ ಬಂದರೆ ಜಗ್ಗಬೇಕು. ನಾನಂತೂ ಬೇಸರವಾದರೂ ಜಗ್ಗುತ್ತಿದ್ದೆ. ನೀನು ಕೆಳಗಿದ್ದವಳು, ನಿನ್ನ ಕಡೆಯಿಂದ ಸದ್ದಿಲ್ಲವೆಂದರೆ ನಾನು ಎದ್ದು ಕೂಗಬೇಕಿತ್ತು. ಅದು ಬಿಟ್ಟು ಕ್ಷೌರದವನ ಮುಂದೆ ಬೀಗುತ್ತಾ ಮಲಗಿದ್ದೆ. ಚಿಕ್ಕಮ್ಮನಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ಎರಡನೆಯದು. ದೇವರು ಗೋಡೆಯ ಕಡೆ ತಿರುಗಿ ಮಲಗಿದ್ದರೆ ಎಂದು ಕೇಳಿದೆ. ಇದಕ್ಕೆ ನನ್ನ ಹತ್ತಿರ ಪಂಡಿತರ ಉತ್ತರವಿಲ್ಲ. ನಿನ್ನ ಅಪ್ಪನ ವಿಷಯ ಒಂದಿದೆ. ನಿನಗೆ ಹೇಳಿರಲಿಲ್ಲ, ಯಾಕೆಂದರೆ ಅದರಲ್ಲಿ ನಾನು ಶೂರನಲ್ಲ.

ನಾನು ಹೊಸದಾಗಿ ಇಳಿಯುತ್ತಿದ್ದ ಕಾಲ. ಕೆಳಗೆ ಕೂತಾಗ ಒಂದೇ ಯೋಚನೆ. ಮೇಲೆ ಅಣ್ಣ ಇದ್ದಾನೋ, ಎದ್ದು ಹೋಗಿದ್ದಾನೋ? ಮುಖ ಕಾಣುವುದಿಲ್ಲ, ದನಿ ಇಲ್ಲ. ತಲೆ ಎತ್ತಿದರೆ ಒಂದು ಬಿಲ್ಲೆಯಷ್ಟು ಆಕಾಶ. ಹಗ್ಗದ ತುದಿಯನ್ನು ಎಲ್ಲರೂ ಗೂಟಕ್ಕೆ ಕಟ್ಟಿ ಕೂರುತ್ತಾರೆ, ಅಣ್ಣನೂ ಹಾಗೇ ಕಟ್ಟಿ ಎಲ್ಲೋ ನೆರಳಿಗೆ ಹೋಗಿ ಮಲಗಿರಬೇಕು ಎಂದುಕೊಳ್ಳುತ್ತಿದ್ದೆ. ಹಾಗೆಂದುಕೊಂಡು ಕೆಳಗೆ ಅತ್ತಿದ್ದೇನೆ, ಬೈದಿದ್ದೇನೆ. ಹೌದು, ಅಳುವ ಜಾತಿಯೇ. ಆಯಾ ಅವರೇ, ಇದನ್ನು ಮಾತ್ರ ಮೆಲ್ಲಗೆ ಓದಿ.

ಒಂದು ದಿನ ಕೆಳಗಿನ ಗಾಳಿ ಕೆಟ್ಟಿತು. ಜಗ್ಗುವಷ್ಟೂ ಪುರುಸೊತ್ತಿಲ್ಲದೆ ಗೋಡೆಯ ಮೆಟ್ಟಿಲು ಹಿಡಿದು ಹತ್ತಿಬಿಟ್ಟೆ. ತಲೆ ಹೊರಗೆ ಹಾಕಿ ನೋಡಿದರೆ ಗೂಟ ಖಾಲಿ. ಹಗ್ಗದ ತುದಿ ಅಣ್ಣನ ಸೊಂಟಕ್ಕೆ ಸುತ್ತಿತ್ತು. ಬಾವಿಯ ಅಂಚಿನಲ್ಲಿ, ಬಿಸಿಲಿನಲ್ಲಿ, ಕಾಲು ಊರಿ ಕೂತಿದ್ದ.

"ಹುಚ್ಚು ಹಿಡಿದಿದೆಯೇನೋ ನಿನಗೆ? ಮಣ್ಣು ಕುಸಿದು ನಾನು ಒಳಗೆ ಹೋದ್ರೆ ನೀನೂ ಬರ್ತೀಯಲ್ಲ!" ಅಂದೆ.

"ಹೌದು" ಅಂದ.

"ಗೂಟ ಇದೆಯಲ್ಲೋ!"

"ಗೂಟಕ್ಕೇನು ಗೊತ್ತಾಗುತ್ತೆ? ನೀನು ಒಂದು ಸಲ ಬಿಕ್ಕಿದ್ರೂ ನನಗೆ ಇಲ್ಲಿ ತಿಳಿಯುತ್ತೆ. ನಿನ್ನೆ ಎಷ್ಟು ಹೊತ್ತು ಅತ್ತೆ ಅಂತಲೂ ಗೊತ್ತು. ಹೋಗು, ನೀರು ಕುಡಿ."

ಅಂಗಿ ಎತ್ತಿ ನೋಡಿದೆ. ಸೊಂಟದ ಸುತ್ತ ಚರ್ಮ ಕೆಂಪಗೆ ಕಿತ್ತುಬಂದಿತ್ತು. ನಾನು ಬೈದು ಬೈದು ಜಗ್ಗಿದ್ದೆಲ್ಲ ಅಲ್ಲಿತ್ತು.

ಮಗಳೇ, ಕೆಳಗಿದ್ದಾಗ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಸುಮ್ಮನಿರುವುದರಲ್ಲಿ ಎರಡು ಥರ ಇದೆ. ಬಿಟ್ಟುಹೋದವನೂ ಸುಮ್ಮನಿರುತ್ತಾನೆ, ಸೊಂಟಕ್ಕೆ ಕಟ್ಟಿಕೊಂಡವನೂ ಸುಮ್ಮನಿರುತ್ತಾನೆ. ಕಿವಿಗೆ ಎರಡೂ ಒಂದೇ. ದೇವರು ಎರಡನೆಯವನು ಎಂದು ನಾನು ನಂಬಿದ್ದೇನೆ. ಹೆತ್ತ ತಾಯಿಗಾಗಲಿ ಒಡಹುಟ್ಟಿದ ಅಣ್ಣನಿಗಾಗಲಿ ಇಷ್ಟು ಪ್ರೀತಿ ಬಂದದ್ದು ಎಲ್ಲಿಂದ? ಕೊಟ್ಟವನ ಹತ್ತಿರ ಇದಕ್ಕಿಂತ ಕಡಿಮೆ ಇರಲು ಸಾಧ್ಯವೇ ಎಂದು ನನ್ನ ಏಳನೇ ಇಯತ್ತೆಯ ತಲೆ ಕೇಳುತ್ತದೆ.

ಕಣ್ಣು ಬರುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಅಣ್ಣ ಹಿಡಿದಿದ್ದಾಗಲೇ ಕಲ್ಲು ಬಿದ್ದು ನನ್ನ ಭುಜ ಮುರಿದಿತ್ತು. ಹಿಡಿದಿರುವುದು ಬೇರೆ, ಕಲ್ಲು ಬೀಳದಿರುವುದು ಬೇರೆ. ಎರಡನ್ನೂ ಒಂದೇ ಮಾಡಿ ಹೇಳಿದ್ದು ನನ್ನ ತಪ್ಪು.

ಆಜ್ಞೆ ವಾಪಸ್ಸು ತೆಗೆದುಕೊಂಡಿದ್ದೇನೆ. ಕಣ್ಣು ನಿನ್ನದು, ತೀರ್ಮಾನ ನಿನ್ನದು. ಒಂದೇ ಮಾತು: ನನ್ನ ಮಾತನ್ನು ಸುಮ್ಮನೆ ನಂಬಬೇಡ. ಜಗ್ಗಿ ನೋಡು. ನನ್ನ ಮೇಲೆ ಹರಿಹಾಯ್ದ ಹಾಗೆ ಅವನ ಮೇಲೂ ಹರಿಹಾಯಿ. ಮರ್ಯಾದೆ ಗಿರ್ಯಾದೆ ನೋಡಬೇಡ.

ಚಿಕ್ಕಪ್ಪ

ಮಗಾ, ಚಿಕ್ಕಮ್ಮ. ಇವರು ಹರಿದು ಬಿಸಾಡಿದ ನಾಲ್ಕು ಕಾಗದಗಳಲ್ಲೂ "ಮಾಡಿಸಿಕೋ ಮಾಡಿಸಿಕೋ" ಅಂತಲೇ ಇತ್ತು. ನೀನು ಹೇಗೇ ಬಂದರೂ ಈ ಮನೆಗೆ ನೀನು ಬೇಕು. ಕಣ್ಣು ಇರಲಿ, ಇಲ್ಲದಿರಲಿ.


೨೭ ಏಪ್ರಿಲ್

ಚಿಕ್ಕಪ್ಪ, ಚಿಕ್ಕಮ್ಮನಿಗೆ,

ಅಪ್ಪನ ಸೊಂಟದ ಕಲೆ ನಾನು ನೋಡಿದ್ದೆ. ಚಿಕ್ಕವಳಿದ್ದಾಗ ಅದೇನೆಂದು ಕೇಳಿದರೆ "ನಿನ್ನ ಚಿಕ್ಕಪ್ಪ ತುಂಬಾ ಮಾತಾಡ್ತಾನೆ, ಅದರ ಗುರುತು" ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದೆ.

ನೀನು ಹೇಳಿದ ಹಾಗೆ ಜಗಳ ಮಾಡಿದೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಶುರು ಮಾಡುತ್ತಿದ್ದೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟು. ನನ್ನ ಕಣ್ಣೇ ಬೇಕಿತ್ತಾ? ಆ ಸಾಲಿನಲ್ಲಿ ಅಷ್ಟು ಬಾಟಲಿಗಳಿದ್ದವು, ಅದೊಂದನ್ನೇ ಯಾಕೆ ಒಡೆಯಲು ಬಿಟ್ಟೆ? ನನಗೆ ಯಾರಿದ್ದಾರೆ ಅಂತ ನಿನಗೆ ಗೊತ್ತಿರಲಿಲ್ಲವಾ? ಬಾಯಿಗೆ ಬಂದದ್ದೆಲ್ಲ ಅಂದೆ. ಅಜ್ಜಿ ಎದ್ದು ಕೂತು, "ಯಾರನ್ನಮ್ಮ ಬೈತಿದೀಯ?" ಅಂದರು. "ದೇವರನ್ನ" ಅಂದೆ. "ಓ, ಹಾಗಾ. ನನ್ನದೂ ಒಂದು ಮಾತು ಸೇರಿಸು, ಮಂಡಿನೋವಿಂದು" ಎಂದು ಮತ್ತೆ ಮಲಗಿದರು.

ಉತ್ತರ ಬರಲಿಲ್ಲ. ದನಿಯೂ ಇಲ್ಲ, ಕನಸೂ ಇಲ್ಲ. ಆದರೆ ಬೈದು ಬೈದು ಸುಸ್ತಾಗಿ ಸುಮ್ಮನಾದಾಗ ಒಂದು ವಿಷಯ ಹೊಳೆಯಿತು. ನಾನು ಇಷ್ಟು ಹೊತ್ತೂ ಯಾರ ಜೊತೆಗೋ ಮಾತಾಡುತ್ತಿದ್ದೆ. ಖಾಲಿ ಕೋಣೆಯ ಜೊತೆ ಯಾರೂ ಇಷ್ಟು ದಿನ ಜಗಳವಾಡುವುದಿಲ್ಲ. ಒಂದು ತಿಂಗಳು ಗೋಡೆ ನೋಡುತ್ತಾ ಮಲಗಿದ್ದಾಗ ನಾನು ಒಬ್ಬಳೇ ಇದ್ದೆ. ಬೈಯಲು ಶುರು ಮಾಡಿದ ಮೇಲೆ ಒಬ್ಬಳೇ ಇರಲಿಲ್ಲ. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಭಯ ಹೋಗಿಲ್ಲ. ಬೆಳಿಗ್ಗೆ ಕಿಟಕಿಯ ಕಡೆ ಕೆಂಪಗಾದಾಗ ಈಗಲೂ ಕೇಳಿಕೊಳ್ಳುತ್ತೇನೆ, ಇದೂ ಹೋದರೆ ಅಂತ. ಹೋದರೆ ಹೋಗುವುದು ಬೆಳಕು. ಅವನು ಹೋಗುವುದಿಲ್ಲ ಅಲ್ಲವೇ? ಆ ಬೆಳಕನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅದು ದಿನದಿನಕ್ಕೆ ಸವೆಯುವುದನ್ನು ನೋಡುತ್ತಾ ಕೂರಲಾರೆ.

ಡಾಕ್ಟರನ್ನು ಕರೆಸಿ ಒಪ್ಪಿಗೆ ಹೇಳಿದೆ. ಹೆಬ್ಬೆಟ್ಟು ಸಾಕು ಅಂದರು. ಬೇಡ, ಸಹಿ ಮಾಡುತ್ತೇನೆ ಅಂದೆ. ಪೆನ್ನು ಕಾಗದ ದಾಟಿ ಅವರ ಬಿಳಿ ಕೋಟಿನ ತೋಳಿನ ಮೇಲೂ ಹೋಯಿತಂತೆ. "ಎರಡು ಕಡೆ ಒಪ್ಪಿಗೆ ಕೊಟ್ಟಿದೀರ, ಇನ್ನು ತಪ್ಪಿಸಿಕೊಳ್ಳೋ ಹಾಗಿಲ್ಲ" ಅಂದರು. ಮೇ ಮೂರಕ್ಕೆ ಆಪರೇಷನ್.

ನಿನ್ನ ಮಗಳು

(ಆಯಾ: ಇವತ್ತು ತಟ್ಟೆಯಲ್ಲಿ ಒಂದು ಅಗುಳೂ ಉಳಿದಿಲ್ಲ, ಯಜಮಾನರೇ.)


೨ ಮೇ

ಮೆಣಸಿನಕಾಯಿಗೆ,

ಇದು ನಿನ್ನ ಕೈ ಸೇರುವ ಹೊತ್ತಿಗೆ ಆಪರೇಷನ್ ಮುಗಿದಿರುತ್ತದೆ. ಪ್ಲಾಸ್ಟರ್ ಬಿಚ್ಚಿದ್ದಾರೆ. ಕಾಲು ಕೋಲಿನ ಹಾಗೆ ಸಣ್ಣಗಾಗಿದೆ. ಕಂಕುಳಿಗೆ ಎರಡು ಊರುಗೋಲು ಕೊಟ್ಟಿದ್ದಾರೆ. ನಡೆಯಲು ಕಲಿಸುವವನು ಇಷ್ಟು ಬೇಗ ಕಲಿತವರನ್ನು ತಾನು ನೋಡೇ ಇಲ್ಲ ಎಂದ. ಹೀಗಂದದ್ದು ನಿಜ, ಬೇಕಿದ್ದರೆ ಚಿಕ್ಕಮ್ಮನನ್ನು ಕೇಳು.

ಎಂಟನೇ ತಾರೀಖು ನಾವಿಬ್ಬರೂ ಹೊರಡುತ್ತೇವೆ, ಬಸ್ಸು ಬದಲಿಸುತ್ತಾ ಬರಲು ಎರಡು ದಿನ ಹಿಡಿಯುತ್ತದೆ. ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲದಿದ್ದರೆ ನಿಂತುಕೊಂಡೇ ಬರುತ್ತೇನೆ. ಬೇಡ ಎಂದು ಡಾಕ್ಟರು ಹೇಳಿದರು, ಕ್ಷೌರದವನು ಹೇಳಿದ, ಅಂಚೆಯವನು ಕೂಡ ಸೈಕಲ್ಲಿಂದ ಇಳಿದು ಹೇಳಿದ. ಯಾರ ಮಾತನ್ನೂ ಕೇಳುವುದಿಲ್ಲ. ಕಟ್ಟು ಬಿಚ್ಚಿದಾಗ ನಿನಗೆ ನಾನು ಕಾಣಬೇಕು ಅಂತಲ್ಲ. ಕಾಣದಿದ್ದರೂ ನಾನು ಅಲ್ಲಿರಬೇಕು.

ಆಯಾ ಅವರಿಗೆ: ಅಜ್ಜಿಯ ಹಾಸಿಗೆಗೂ ಹುಡುಗಿಯ ಹಾಸಿಗೆಗೂ ನಡುವೆ ಒಂದು ಕುರ್ಚಿ ಹಾಕಿಸಿ. ಸ್ಟೂಲು ಬೇಡ.

ಚಿಕ್ಕಪ್ಪ


೯ ಮೇ

ಚಿಕ್ಕಪ್ಪನಿಗೆ,

ನಿನ್ನ ಪತ್ರ ನಿನ್ನೆ ಬಂತು. ನೀವಿಬ್ಬರೂ ಈಗ ದಾರಿಯಲ್ಲಿರುತ್ತೀರಿ. ಈ ಪತ್ರವನ್ನು ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನು ಈ ಕಡೆ ಬರುವಾಗ ಇದು ಆ ಕಡೆ ಹೋಗುತ್ತದೆ. "ಬರ್ತಾ ಇದಾರಲ್ಲ, ಕೈಗೇ ಕೊಟ್ಟರಾಗದಾ? ಯಾಕೆ ಸುಮ್ಮನೆ ಸ್ಟಾಂಪು ದಂಡ?" ಅಂತ ಆಯಾ ಕೇಳಿದರು. ಅಂಚೆಯ ಮುದ್ರೆ ಬೀಳಬೇಕು, ಅದಕ್ಕೆ.

ಇವತ್ತು ನಾನೇ ಬರೆಯುತ್ತಿದ್ದೇನೆ. ಎರಡು ಕಣ್ಣಿಗೂ ಕಟ್ಟಿದೆ. ಆಯಾ ಕಾಗದದ ಮೇಲೆ ಅಡಿಪಟ್ಟಿ ಇಟ್ಟು, ಸಾಲು ಮುಗಿದಾಗ ಕೆಳಗೆ ಸರಿಸುತ್ತಿದ್ದಾರೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ನಿಧಾನವಾಗಿ ಓದಿಕೋ.

ಆಪರೇಷನ್ ಆಯಿತು. ಈ ಸಲ ಡಾಕ್ಟರಿಗೆ ಸಂತೋಷವಾಗಿದೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಳಗೆ ಹೋಗುವಾಗ ತಳ್ಳುಗಾಡಿಯಲ್ಲಿ ಮಲಗಿ ಅಂದರು. ನಡೆದೇ ಬರುತ್ತೇನೆ ಅಂದೆ, ಆಯಾ ಕೈ ಹಿಡಿದು ನಡೆದೆ.

ನಾಳೆ ಬೆಳಿಗ್ಗೆ ಕಟ್ಟು ಬಿಚ್ಚುತ್ತಾರೆ. ನೀನು ಬರುವುದರೊಳಗೆ ಏನೆಂದು ಗೊತ್ತಾಗಿರುತ್ತದೆ. ಹಾಗೆ ಗೊತ್ತಾದ ಮೇಲೆ ನಾನು ಏನು ಹೇಳಿದರೂ ನೀನು ಪೂರ್ತಿ ನಂಬುವುದಿಲ್ಲ. ಕಣ್ಣು ಕಂಡರೆ, ಕಂಡ ಸಂತೋಷಕ್ಕೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಕಾಣದಿದ್ದರೆ, ಮುದುಕನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಡಾಕ್ಟರಿಗೆ ಸಂತೋಷವಾಗಿದೆ ಎಂದು ಬರೆಸಿದವಳಲ್ಲವೇ ನಾನು. ಅದಕ್ಕೇ ಈ ಒಂದು ಮಾತನ್ನು ಇವತ್ತೇ, ಏನೂ ಗೊತ್ತಿಲ್ಲದಿರುವಾಗಲೇ ಬರೆದು ಡಬ್ಬಕ್ಕೆ ಹಾಕಿಬಿಡುತ್ತೇನೆ.

ದೇವರು ನನ್ನನ್ನು ಪ್ರೀತಿಸುತ್ತಾನೆ. ನಾಳೆ ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ.

ತಾರೀಖು ನೋಡಿಕೋ.

ನಿನ್ನ ಮಗಳು